ಏಮೋಸ್ ಮೇಷ್ಟ್ರು

ವಾಣಿಜ್ಯ ವಿಭಾಗದ ಕೊನೆಯ ಕೋಣೆಯ ಮುಂದೆ ಪಿಎಚ್.ಡಿ. ವಿದ್ಯಾರ್ಥಿಗಳು ಲ್ಯಾಪ್‌ಟಾಪ್ ತಬ್ಬಿಕೊಂಡು ನಿಂತಿದ್ದಾರೆಂದರೆ ಒಳಗೆ ಏಮೋಸ್ ಮೇಷ್ಟ್ರು ಇದ್ದಾರೆಂದೇ ಅರ್ಥ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಗಷ್ಟೇ. ಸ್ಟ್ರಕ್ಚರಲ್ ಈಕ್ವೇಶನ್ ಮಾಡೆಲಿಂಗ್‌ಗೆ ಬಳಸುವ ಏಮೋಸ್ ಸಾಫ್ಟ್‌ವೇರ್ ಆ ಸುತ್ತಿನಲ್ಲಿ ಒಲಿದಿರುವುದು ಅವರೊಬ್ಬರಿಗೇ ಎಂಬ ಪ್ರತೀತಿಯಿದೆ. ಅವರದೇ ಪ್ರಬಂಧ ಬರೀ ಶೇಕಡಾವಾರು ಲೆಕ್ಕದಲ್ಲಿ ಮುಗಿದಿತ್ತೆಂದು ಗೊತ್ತಿರುವ ಹಿರಿಯರೆಲ್ಲ ನಿವೃತ್ತರಾಗಿದ್ದಾರೆ.

"ಸರ್, ಸಿಎಫ್‌ಐ 0.87 ಬಂದಿದೆ." ಹುಡುಗಿ ಅಳುವುದೊಂದು ಬಾಕಿ. ಮಾಡೆಲ್ ಡೇಟಾಗೆ ಎಷ್ಟು ಹೊಂದುತ್ತದೆ, ಅಂದರೆ ಅದರ 'ಫಿಟ್' ಎಷ್ಟು ಎಂದು ಹೇಳುವ ಅಂಕಿ ಅದು.

"0.95 ಬೇಕಲ್ಲಮ್ಮ. ಹೂ ಮತ್ತು ಬೆಂಟ್ಲರ್ 1999ರ ಪೇಪರಿನಲ್ಲೇ ಹೇಳಿಬಿಟ್ಟಿದ್ದಾರೆ. ಆರ್‌ಎಂಎಸ್‌ಇಎ ಎಷ್ಟು?"

"0.11."

"ಅಯ್ಯೋ! ಅದು 0.06ರ ಆಸುಪಾಸಿನಲ್ಲಿರಬೇಕು. ಇರಲಿ, ಮಾಡಿಫಿಕೇಶನ್ ಇಂಡೆಕ್ಸ್ ಇದ್ಯಲ್ಲ. ಎಲ್ಲಿ ಗೆರೆ ಎಳೆದ್ರೆ ಫಿಟ್ ಸುಧಾರಿಸುತ್ತೆ ಅಂತ ಅದೇ ಹೇಳುತ್ತೆ."

ಪರದೆಯ ತುಂಬ ಮೊಟ್ಟೆಗಳು, ಆಯತಗಳು. ಉದ್ಯೋಗ ತೃಪ್ತಿ ಕಣ್ಣಿಗೆ ಕಾಣದ್ದು, ಹಾಗಾಗಿ ಮೊಟ್ಟೆ. 'ನನ್ನ ಮೇಲಧಿಕಾರಿ ನನ್ನ ಮಾತು ಕೇಳುತ್ತಾರೆ' ಎಂಬುದಕ್ಕೆ ಗುಮಾಸ್ತರೊಬ್ಬರು ಐದರಲ್ಲಿ ನಾಲ್ಕಕ್ಕೆ ಗುರುತು ಹಾಕಿದ್ದು ಕಾಣುವಂಥದ್ದು, ಅದು ಆಯತ. ಪ್ರತಿ ಆಯತದ ಬೆನ್ನಿಗೂ ಪುಟ್ಟ ದೋಷದ ಸುನ್ನೆ. ಅಳತೆಯಲ್ಲಿ ತಪ್ಪಿರುತ್ತದೆಂದು ಮೊದಲೇ ಒಪ್ಪಿಕೊಳ್ಳುವ ಈ ಪದ್ಧತಿ ನಿಜಕ್ಕೂ ಸಭ್ಯವಾದದ್ದು. ಮೇಷ್ಟ್ರ ಕೈಗೆ ಸಿಕ್ಕಿದ್ದು ಅದರ ತಪ್ಪಲ್ಲ.

ಜಾತಕ ಕೂಡಿಸುವ ಜೋಯಿಸರ ಹಾಗೆ ಅವರು ನಾಲ್ಕನೆಯ ದೋಷಕ್ಕೂ ಏಳನೆಯ ದೋಷಕ್ಕೂ ಬಾಗಿದ ಗೆರೆಯೊಂದನ್ನು ಎಳೆದರು. ಸಿಎಫ್‌ಐ ಮೇಲೇರಿತು.

"ಅವೆರಡಕ್ಕೂ ಏನ್ ಸಂಬಂಧ ಸರ್?"

"ವೈವಾದಲ್ಲಿ ಯಾರೂ ಕೇಳಲ್ಲ."

"ತೃಪ್ತಿಯಿಂದ ನಿಷ್ಠೆ ಅಂತ ಬಾಣ ಹಾಕಿದೀನಿ. ನಿಷ್ಠೆಯಿಂದಲೇ ತೃಪ್ತಿ ಬಂದಿದ್ರೆ?"

ಮೇಷ್ಟ್ರು ಬಾಣವನ್ನು ತಿರುಗಿಸಿ ತೋರಿಸಿದರು. ಫಿಟ್ ಕೂದಲೆಳೆಯಷ್ಟೂ ಅಲುಗಲಿಲ್ಲ. "ನೋಡು, ಎರಡೂ ಸರಿ. ಗೈಡ್‌ಗೆ ಯಾವುದು ಇಷ್ಟವೋ ಆ ಕಡೆ ಇಡು."

ಗಿನಿಯಿಲಿಗಳ ಮೈಬಣ್ಣದ ಬೆನ್ನುಹತ್ತಿ 1920ರ ಸುಮಾರಿಗೆ ಇಂಥ ಬಾಣಗಳನ್ನು ಮೊದಲು ಎಳೆದವರು ತಳಿವಿಜ್ಞಾನಿ ಸೂವಲ್ ರೈಟ್. ಬಾಣದ ದಿಕ್ಕನ್ನು ಅಂಕಿಗಳು ಹೇಳುವುದಿಲ್ಲ, ವಿಷಯ ಬಲ್ಲವರು ಮೊದಲೇ ಹೇಳಬೇಕು ಎಂಬುದು ಅವರ ನಿಲುವಾಗಿತ್ತು. ಅವರಿಗೆ ಗೈಡ್ ಇರಲಿಲ್ಲವೇನೋ!

ಮೇಷ್ಟ್ರು ಯಾರಿಂದಲೂ ಕಾಸು ಮುಟ್ಟುವವರಲ್ಲ. ಪೇಪರಿನಲ್ಲಿ ಎರಡನೆಯ ಹೆಸರು ತಮ್ಮದಿದ್ದರೆ ಸಾಕು. ಹೀಗಾಗಿ ಬ್ಯಾಂಕಿಂಗ್, ನರ್ಸಿಂಗ್, ರೇಷ್ಮೆ, ಯೋಗ, ಎಲ್ಲದರಲ್ಲೂ ಅವರು ಎರಡನೆಯ ತಜ್ಞರು.

ಹುಡುಗಿ ಎದ್ದಳು. ಮುಂದಿನವನು ಬಂದು ಕೈಕಟ್ಟಿ ನಿಂತ.

"ಸರ್, ನನ್ ಡೇಟಾ ಇನ್ನೂ ಬಂದಿಲ್ಲ."

"ಪರವಾಗಿಲ್ಲ, ಕೂತ್ಕೋ. ಸಿಎಫ್‌ಐ ಎಷ್ಟು ಬರ್ಬೇಕು, ಅದನ್ನ ಹೇಳು."