ಸರ್ಕಾರಿ ಮಳೆ ನಿಂತಲ್ಲೇ ಸುರಿಯುತ್ತದೆ

2016ರ ಜನವರಿಯಲ್ಲಿ ಬೆಳಗಾವಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ದೇಶದ ಮೊದಲ 20 ಊರುಗಳಲ್ಲಿ ಒಂದು. 2019ರ ಆಗಸ್ಟ್‌ನಲ್ಲಿ ಅದೇ ಊರಿನ ಬಳ್ಳಾರಿ ನಾಲಾ ಉಕ್ಕಿ ಮನೆಮನೆಗೆ ನೀರು ನುಗ್ಗಿತು. ಊರು ಮುಳುಗಿದಾಗಲೆಲ್ಲ ಅಧಿಕಾರಿಗಳದು ಒಂದೇ ಉತ್ತರ: "ನಿರೀಕ್ಷೆ ಮೀರಿದ ಮಳಿರೀ."

ಇವರು ನಿರೀಕ್ಷಿಸಿದ ಮಳೆ ಎಂಥದ್ದು? ಚರಂಡಿಯ ಅಗಲ ಲೆಕ್ಕ ಹಾಕುವ ಸೂತ್ರ 19ನೇ ಶತಮಾನದ್ದು. ಐರ್ಲೆಂಡಿನ ಎಂಜಿನಿಯರ್ ಮುಲ್ವಾನಿ ಕೊಟ್ಟಿದ್ದು. ಅದರ ಪ್ರಕಾರ ಮಳೆ ಊರ ತುಂಬ ಒಂದೇ ಸಮ ಸುರಿಯುತ್ತದೆ. ಅತ್ತಿತ್ತ ಕದಲುವುದಿಲ್ಲ. ಇಷ್ಟು ಶಿಸ್ತಿನ ಮಳೆ ಫೈಲಿನಲ್ಲಿ ಮಾತ್ರ ಬೀಳುತ್ತದೆ.

2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿಯಿತು. ಅದೇ ಮುಂಬೈನ ಕೊಲಾಬಾದಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ.

ಮಳೆ ನಡೆಯುತ್ತದೆ, ಸ್ವಾಮಿ. ಮೋಡ ನಾಲಾದ ಇಳಿಜಾರು ಹಿಡಿದು ಸಾಗಿತೆನ್ನಿ. ಮೇಲಿನ ಓಣಿಯ ನೀರು ಕೆಳಗಿನ ಓಣಿ ಮುಟ್ಟುವ ಹೊತ್ತಿಗೆ ಅಲ್ಲೂ ಮಳೆ ಜೋರು. ಎರಡೂ ಕೂಡಿ ಉಕ್ಕುತ್ತವೆ. ಮೋಡ ಎದುರಿನಿಂದ ಬಂದರೆ ಕೆಳಗಿನ ನೀರು ಮೊದಲೇ ಹರಿದುಹೋಗಿ ಜಾಗ ಬಿಟ್ಟಿರುತ್ತದೆ. ಮಳೆ ಅಷ್ಟೇ, ಚರಂಡಿ ಅದೇ. ಒಮ್ಮೆ ಊರು ಉಳಿಯುತ್ತದೆ, ಒಮ್ಮೆ ಮುಳುಗುತ್ತದೆ. ಜಾತ್ರೆಯ ಜನರದೂ ಇದೇ ಕತೆ. ಎಲ್ಲಮ್ಮನ ಗುಡ್ಡಕ್ಕೆ ವರ್ಷವಿಡೀ ಜನ ಬರುತ್ತಾರೆ. ದಾರಿ ಕಟ್ಟಿಕೊಳ್ಳುವುದು ಭರತ ಹುಣ್ಣಿಮೆಗೆ ಎಲ್ಲರೂ ಒಟ್ಟಿಗೆ ಬಂದಾಗ. ಮಳೆನೀರು ತಡೆದಿಡುವ ಕೆರೆಗೂ ಇದೇ ಪಾಡು. ಎಷ್ಟು ನೀರು ಬಂತು ಎಂಬುದಷ್ಟೇ ಸಾಲದು, ಎಷ್ಟು ಹೊತ್ತಿನಲ್ಲಿ ಬಂತು ಎಂಬುದೂ ಬೇಕು.

ನಮ್ಮ ಭಾಗಕ್ಕೆ ಮುಂಗಾರು ಪಡುವಣದಿಂದ ಬರುತ್ತದೆ. ಮಲಪ್ರಭೆಯೂ ಕಣಕುಂಬಿಯಲ್ಲಿ ಹುಟ್ಟಿ ಮೂಡಣಕ್ಕೇ ಹರಿಯುತ್ತಾಳೆ. ಮೋಡ, ಹೊಳೆ ಎರಡರದೂ ಒಂದೇ ದಿಕ್ಕು. ಇದು ಗುಟ್ಟೇನಲ್ಲ. ನಮ್ಮ ಚಚಡಿ ಹಳ್ಳಿಯ ರೈತ ಮೋಡ ಎತ್ತ ಎದ್ದಿತೆಂದು ನೋಡಿಯೇ ಸಲಿಕೆ ಹಿಡಿದು ಹೊಲದ ಒಡ್ಡಿಗೆ ಹೊರಡುತ್ತಾನೆ. ಅವನಿಗೆ ಯೋಜನಾ ವರದಿ (ಡಿಪಿಆರ್) ಬರೆದುಕೊಡುವ ಕನ್ಸಲ್ಟೆಂಟ್ ಇಲ್ಲ. ಇರುವವರಿಗೆ ಆಕಾಶ ನೋಡಲು ಪುರುಸೊತ್ತಿಲ್ಲ.

ಪಾಪ, ಸೂತ್ರವನ್ನೊಂದೇ ಬೈದು ಫಲವಿಲ್ಲ. ಅದು ನಾಲಾ ಇದೆ ಎಂದಾದರೂ ನಂಬುತ್ತದೆ. ನಾವು ಆ ನಾಲಾವನ್ನೂ ಉಳಿಸಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ರಸ್ತೆ ಮುಳುಗಿ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಆಗ ಮಳೆನೀರಿನ ರಾಜಕಾಲುವೆ ನೆನಪಾಯಿತು, ಜೆಸಿಬಿ ಬಂತು. ನೀರಿಳಿಯಿತು, ಜೆಸಿಬಿಯೂ ಹೋಯಿತು. ಕಾಲುವೆ ಮೇಲೆ ಮನೆ ಕಟ್ಟಿದವನದು ಒತ್ತುವರಿ. ಆ ಮನೆಗೆ ನಕ್ಷೆ ಮಂಜೂರು ಮಾಡಿದವನದು ಬಡ್ತಿ.

ನಿಮ್ಮೂರಲ್ಲೂ ಚರಂಡಿಗೆ ಭೂಮಿಪೂಜೆ ಆಗುತ್ತದೆ. ಹಾರ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ. ಇಲ್ಲಿ ಮೋಡ ಯಾವ ಕಡೆಯಿಂದ ಯಾವ ಕಡೆಗೆ ಸಾಗುತ್ತದೆ? ನಕ್ಷೆಯಲ್ಲಿದ್ದಷ್ಟು ಅಗಲ ನಾಲಾ ಈಗಲೂ ಇದೆಯೇ? ಉತ್ತರ ಬಾಯಲ್ಲಿ ಬೇಡ. ಬರೆದು, ಸಹಿ ಹಾಕಿ ಕೊಡಲಿ.