ಸೋಪಾನ-ಸೋಫಾ ಶುದ್ಧಿ ಮೀಮಾಂಸೆ

ಮೆಟ್ಟಿಲಿಗೆ ಬಡಿದು ಕೂರಿಸಿದ ಕಾರ್ಪೆಟ್ಟು ನೆಲದ ಜಾತಿಗೆ ಸೇರಿದ್ದೋ ಗೋಡೆಯ ಜಾತಿಗೋ ಎಂಬ ವಿಷಯದಲ್ಲಿ ಪಂಡಿತರಲ್ಲಿ ಒಮ್ಮತವಿಲ್ಲ. ಹತ್ತಿದವರು ನೆಲವೆಂದರು, ಎಡವಿ ಬಿದ್ದವರು ಗೋಡೆಯೆಂದರು. ವ್ಯಾಕ್ಯೂಮ್ ಕ್ಲೀನರ್ ಎರಡನ್ನೂ ಒಪ್ಪದು. ಅದರ ಅಗಲ ಮೂತಿ ಸಪಾಟು ನೆಲಕ್ಕೆಂದೇ ಹುಟ್ಟಿದ್ದು. ಮೆಟ್ಟಿಲ ಅಂಚಿಗೆ ಬಂದೊಡನೆ ಅರ್ಧ ಬಾಯಿಯಲ್ಲಿ ಬರೀ ಗಾಳಿ ಮುಕ್ಕುತ್ತದೆ. ಪ್ರಸ್ತುತ ಗ್ರಂಥದ ಹುಟ್ಟಿಗೆ ಇದೇ ನಿಮಿತ್ತ. ಇದರ ವ್ಯಾಪ್ತಿ, ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರ ಎರಡಂತಸ್ತಿನ ಮನೆ.

ಪೂರ್ವಪಕ್ಷ, ಊರಿನಿಂದ ಬಂದಿಳಿದ ಅತ್ತೆಯವರದು: "ಇದನ್ನ ಬಿಚ್ಚಿ ಹಿತ್ತಲಿಗೆ ತಗೊಂಡ್ಹೋಗಿ, ಕೊಡವಿ, ಬಿಸಿಲಿಗೆ ಹಾಕೋಕಾಗಲ್ವೇನಮ್ಮಾ?" ಸೊಸೆ ನಕ್ಕು ಸುಮ್ಮನಾಗಬಹುದು, ಶಾಸ್ತ್ರಕಾರ ಹಾಗೆ ಮಾಡುವಂತಿಲ್ಲ. ನವಲಗುಂದದ ಜಮಖಾನೆ ಸುರುಳಿ ಸುತ್ತಿದರೆ ಹೆಗಲೇರಿ ಅಂಗಳಕ್ಕೆ ಬರುತ್ತದೆ. ಚಾಪೆ, ಕಂಬಳಿ, ಹಾಸಿಗೆ, ಎಲ್ಲವೂ ಕರೆದರೆ ಬರುವಂಥವೇ. ವಸ್ತು ಹೊರಗೆ ಬಂದೇ ಬರುತ್ತದೆಂಬ ಭರವಸೆಯ ಮೇಲೆ ನಮ್ಮ ಶುಚಿತ್ವದ ಸಿದ್ಧಾಂತವೆಲ್ಲ ನಿಂತಿದೆ. ಮೆಟ್ಟಿಲ ಕಾರ್ಪೆಟ್ಟಾದರೋ ಮುಳ್ಳುಪಟ್ಟಿಯನ್ನು ಕಚ್ಚಿಕೊಂಡು ಕೂತಿದೆ. ವಸ್ತು ಹೊರಬಾರದಿದ್ದರೆ ಧೂಳನ್ನೇ ಹೊರತರಬೇಕು ಎಂಬುದು ಉತ್ತರಪಕ್ಷ.

ಈ ಪಕ್ಷದ ಮೂಲಪುರುಷ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರ್. 1901ರಲ್ಲಿ ಲಂಡನ್ನಿನಲ್ಲಿ ಗಾಳಿ ಊದಿ ಧೂಳೆಬ್ಬಿಸುವ ಯಂತ್ರವೊಂದನ್ನು ಕಂಡು, ಊದುವ ಬದಲು ಹೀರಬಾರದೇಕೆ ಎಂದು ಆತ ಕೇಳಿದ. ಆಗದ ಮಾತು ಎಂದರು. ಬೂತ್ ಒಂದು ಹೋಟೆಲಿನ ಮಖಮಲ್ ಕುರ್ಚಿಯ ಬೆನ್ನಿಗೆ ಕರವಸ್ತ್ರ ಹಾಸಿ, ಬಾಯಿಟ್ಟು ಹೀರಿ, ಉಸಿರುಗಟ್ಟಿ ಕೆಮ್ಮಿ, ಬಟ್ಟೆಯ ತಳ ಕಪ್ಪಾದದ್ದನ್ನು ಕಂಡು ಸಂತುಷ್ಟನಾದ. ಸೋಫಾಶುದ್ಧಿಯ ಪರಂಪರೆಯಲ್ಲಿ ಇದನ್ನೇ ಪ್ರಥಮ ಆಚಮನವೆಂದು ಗಣಿಸಬೇಕು. ಪಕ್ಕದ ಮೇಜಿನವರು ಬೇಗ ಬಿಲ್ಲು ತರಿಸಿಕೊಂಡಿರಬೇಕು. ಮುಂದೆ ಅವನ ಯಂತ್ರ ಕುದುರೆಗಾಡಿಯೇರಿ ಬೀದಿಯಲ್ಲಿ ನಿಂತು, ಕಿಟಕಿಗಳೊಳಗೆ ಉದ್ದನೆಯ ಕೊಳವೆ ಇಳಿಬಿಟ್ಟು ಶ್ರೀಮಂತರ ಧೂಳನ್ನು ಕುಡಿಯಿತು. 1902ರಲ್ಲಿ ಏಳನೇ ಎಡ್ವರ್ಡನ ಪಟ್ಟಾಭಿಷೇಕಕ್ಕೆಂದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಾರ್ಪೆಟ್ಟುಗಳನ್ನೂ ಹೀರಿತು.

ಇನ್ನು ವಿಧಿ. ಆರೋಹಣವಾದಿಗಳು ಕೆಳಗಿನಿಂದ ಶುರುಮಾಡಿ, ತಾವು ಬೆಳಗಿಸಿದ ಮೆಟ್ಟಿಲ ಮೇಲೇ ಮೇಲಿನ ಧೂಳು ಸುರಿಯುವುದನ್ನು ಕಂಡು ವೈರಾಗ್ಯಕ್ಕೆ ಸಂದರು. ಆದ್ದರಿಂದ ಅವರೋಹಣವೇ ಗ್ರಾಹ್ಯ. ಯಂತ್ರವನ್ನು ಮಾತ್ರ ಕೆಳಗೇ ನಿಲ್ಲಿಸಬೇಕು. ಮೇಲಿಟ್ಟು ಕೊಳವೆ ಎಳೆದರೆ ಅದು ಅತಿಭಕ್ತ ಶಿಷ್ಯನಂತೆ ಗುರುವಿನ ಬೆನ್ನಿಗೇ ಬಂದು ಬೀಳುತ್ತದೆ. ಎರಡು ಮೆಟ್ಟಿಲು ಕೂಡುವ ಸಂದಿಗೆ ಚಪ್ಪಟೆ ಮೂತಿ, ಉಳಿದೆಡೆಗೆ ಪುಟ್ಟ ಬ್ರಷ್ಷು. ನಾಯಿಯ ಕೂದಲಿಗೆ ಯಂತ್ರವೇ ಬೇಡ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ತೊಟ್ಟು ಒಂದೇ ದಿಕ್ಕಿಗೆ ಸವರಿದರೆ ಕೂದಲೆಲ್ಲ ಉಂಡೆಗಟ್ಟಿ ಬರುತ್ತದೆ. ಸಾವಿರಾರು ರೂಪಾಯಿಯ ಯಂತ್ರ ಇದನ್ನು ಮೂಲೆಯಲ್ಲಿ ನಿಂತು ನೋಡುತ್ತಿರುತ್ತದೆ.

ಸೋಫಾ ಪ್ರಕರಣ ಇದಕ್ಕಿಂತ ಜಟಿಲ. ಕೆಲವು ಸೋಫಾಗಳ ದಿಂಬಿನಡಿ ಒಂದು ಶಾಸನವಿರುತ್ತದೆ. ಡಬ್ಲ್ಯೂ ಎಂದರೆ ನೀರು ಸಲ್ಲುತ್ತದೆ. ಎಸ್ ಎಂದರೆ ದ್ರಾವಕ ಮಾತ್ರ. ಎಕ್ಸ್ ಎಂದರೆ ಎರಡೂ ನಿಷಿದ್ಧ, ಹೀರುವುದೊಂದೇ ಗತಿ. ಈ ಶಾಸನವನ್ನು ಜನ ಓದುವುದು ಸಾಮಾನ್ಯವಾಗಿ ನೀರು ಸುರಿದ ಮೇಲೆ.

ಹುಳಿ ಚೆಲ್ಲಿತೆನ್ನೋಣ. ಉಜ್ಜಕೂಡದು, ಬಿಳಿ ಬಟ್ಟೆಯಿಂದ ಅಂಚಿನಿಂದ ನಡುವಿನ ಕಡೆಗೆ ಒತ್ತಿ ಒತ್ತಿ ತೆಗೆಯಬೇಕು. ಗಾಬರಿಯಲ್ಲಿ ಸೋಪು ಹಾಕಿದಿರೋ, ಹಳದಿ ಕಲೆ ಕಣ್ಣೆದುರೇ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಓಕುಳಿ ಕಲಸಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಸೋಪಿನ ಕ್ಷಾರವೂ ಅದೇ ಕೆಲಸ ಮಾಡುತ್ತದೆ. ನೀರು ಬೆರೆಸಿದ ವಿನೆಗರ್ ಒತ್ತಿದರೆ ಕೆಂಪು ಮತ್ತೆ ಹಳದಿಗೆ ತಿರುಗೀತು. ಇಷ್ಟಾಗಿ ಶುರುವಿಗೇ ಬಂದು ನಿಂತಿರುತ್ತೇವೆ.

ಉಳಿದ ಹಳದಿಯನ್ನು ಮಾಸಿಸಬಲ್ಲದ್ದು ಬಿಸಿಲು. ಹೀಗೆ ಅತ್ತೆಯವರ ಪೂರ್ವಪಕ್ಷ ಹಿಂಬಾಗಿಲಿನಿಂದ ಒಳಬರುತ್ತದೆ. ಆದರೆ ಸೋಫಾ ಬಾಗಿಲು ದಾಟಿ ಹೊರಬಾರದು, ಇಂಗ್ಲೆಂಡಿನ ಬಿಸಿಲು ಕಿಟಕಿ ದಾಟಿ ಒಳಬಾರದು. ಎರಡರಲ್ಲೊಂದು ಮನಸ್ಸು ಮಾಡುವವರೆಗೆ ಕಲೆಯ ಮೇಲೆ ಅತಿಥಿಯನ್ನು ಕೂರಿಸುವುದು ಶಿಷ್ಟಸಮ್ಮತ. ಬೇಗ ಏಳದವರೇ ಇದಕ್ಕೆ ಶ್ರೇಷ್ಠ. ಅವರ ಕೈಗೆ ಕೊಡುವ ಕಾಫಿ ಮಾತ್ರ ಅರ್ಧ ಲೋಟವಿರಲಿ.