ಮಾಡೆಲ್ ವಾಪಸ್ ಬಂದರೆ

ಅಲ್ಲ ರಾಯರೇ, ಕಳಿಸಿದ ಮಾಡೆಲ್ ರಿಜೆಕ್ಟ್ ಆಯ್ತು ಅಂತ ಮಗಳು ಅಷ್ಟು ಮಂಕಾಗಿದ್ದಾಳಾ? ಕಂಪ್ಯೂಟರಿನಲ್ಲಿ ಕಟ್ಟಡದ ಮಾಡೆಲ್ ಕಟ್ಟೋ ಈ ಬಿಮ್ ಕೆಲಸದಲ್ಲಿ ಅದು ಇದ್ದದ್ದೇ, ನಾನೂ ಅದೇ ಕಸುಬಿನವನಲ್ವಾ. ಕಟ್ಟಡದ ವಿನ್ಯಾಸವೇ ಕೆಟ್ಟಿದೆ ಅಂದುಕೊಳ್ಳೋದು ಬೇಡ. ಎಷ್ಟೋ ಸಲ ಮಾಡೆಲ್ ಒಳಗಿನ ಮಾಹಿತಿ ಓದೋ ಹಾಗೆ ಇರೋದಿಲ್ಲ, ಅಷ್ಟೇ.

ಸಿಂಗಪುರದ ಪ್ರಾಜೆಕ್ಟು ಅಂದ್ರಲ್ಲ? ಅಲ್ಲಿ 2023ರ ಡಿಸೆಂಬರಿನಿಂದ ಕಟ್ಟಡದ ಅನುಮತಿಗೆ ಕೊರೆನೆಟ್ ಎಕ್ಸ್ ಅಂತ ಹೊಸ ವ್ಯವಸ್ಥೆ ಬಂದಿದೆ. ಕಟ್ಟಡದ ಮಾಡೆಲನ್ನು ಬೇರೆ ಸಾಫ್ಟ್‌ವೇರೂ ಓದೋ ಐಎಫ್‌ಸಿ ಫೈಲ್ ಮಾಡಿ ಎಲ್ಲ ಇಲಾಖೆಗೂ ಒಂದೇ ಕಡೆ ಕೊಡಬೇಕು. ಅದನ್ನು ಸಾಫ್ಟ್‌ವೇರೂ ಪರೀಕ್ಷಿಸುತ್ತೆ. ಅದಕ್ಕೆ ಅಂದ ಚೆಂದ ಗೊತ್ತಾಗಲ್ಲ ನೋಡಿ. ಮಾಡೆಲ್ ಕಟ್ಟೋ ರೆವಿಟ್‌ನಲ್ಲಿ ಬಾಗಿಲು ಅಂತ ಇಟ್ಟಿದ್ದು ಎಕ್ಸ್‌ಪೋರ್ಟ್ ಆಗುವಾಗ ಬರೀ ‘ಪ್ರಾಕ್ಸಿ’ ಆಗಿಬಿಟ್ಟರೆ, ನಮ್ಮ ಕಣ್ಣಿಗೆ ಬಾಗಿಲು, ಸಾಫ್ಟ್‌ವೇರಿಗೆ ಹೆಸರಿಲ್ಲದ ಒಂದು ವಸ್ತು. ಅಲ್ಲಿನ ಎಸ್‌ವಿವೈ21 ನಿರ್ದೇಶಾಂಕ ಹಾಕೋದು ಮರೆತರೆ ಕಟ್ಟಡ ಎಲ್ಲೋ ಸಮುದ್ರದಲ್ಲಿ ನಿಂತಿರುತ್ತೆ.

ಮೊದಲು ರಿಜೆಕ್ಟ್ ಆದಾಗ ಬಂದ ರಿಪೋರ್ಟನ್ನು ಪೂರ್ತಿ ಓದಲಿ. ನೂರಾರು ಸಾಲು ತಪ್ಪು ಕಂಡರೂ ಗಾಬರಿ ಬೇಡ, ಒಂದೇ ಥರದವನ್ನೆಲ್ಲ ಗುಂಪು ಮಾಡಿದರೆ ಮೂಲ ಕಾರಣ ನಾಲ್ಕೈದೇ ಉಳಿಯಬಹುದು. ಜೊತೆಗೆ ಬಿಸಿಎಫ್ ಫೈಲ್ ಬಂದಿದ್ದರೆ ಇನ್ನೂ ಅನುಕೂಲ: ಯಾವ ಗೋಡೆ, ಯಾವ ತೊಲೆ ಅಂತ ನೇರ ಅಲ್ಲಿಗೇ ಕರ್ಕೊಂಡು ಹೋಗುತ್ತೆ.

ತಿದ್ದೋದು ಮಾತ್ರ ರೆವಿಟ್‌ನಲ್ಲೇ. ಐಎಫ್‌ಸಿ ಫೈಲನ್ನು ತಿದ್ದಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ; ಮುಂದಿನ ಎಕ್ಸ್‌ಪೋರ್ಟ್‌ನಲ್ಲಿ ಅದೇ ತಪ್ಪು ಮತ್ತೆ ಹಾಜರ್. ತಿದ್ದಿದ ಮೇಲೆ ಹೊಸ ಫೈಲನ್ನು ಬೇರೊಂದು ವ್ಯೂವರ್‌ನಲ್ಲಿ ತೆಗೆದು ನೋಡಲಿ. ದುಡ್ಡಿಲ್ಲದೆ ಸಿಗುವಂಥವೇ ಇವೆ. ನಿಯಮವೇ ಅರ್ಥ ಆಗಲಿಲ್ಲ ಅಂದ್ರೆ ಊಹೆ ಮಾಡೋದು ಬೇಡ, ಬರೆದು ಕೇಳಲಿ.

ಇನ್ನೊಂದು ಮಾತು ರಾಯರೇ, ಇದನ್ನು ಮಾತ್ರ ತಪ್ಪದೆ ಹೇಳಿ. ಗಡುವು ಹತ್ತಿರ ಬಂದಾಗ ಕೆಂಪು ಗುರುತು ಹೋದರೆ ಸಾಕು ಅಂತ ಖಾಲಿ ಜಾಗಕ್ಕೆ ಏನೋ ಒಂದು ತುಂಬಿಬಿಡೋ ಆಸೆ ಆಗುತ್ತೆ. ಬೆಂಕಿ ತಡೆಯೋ ಬಾಗಿಲು ಎಷ್ಟು ಹೊತ್ತು ತಡೆಯುತ್ತೆ ಅಂತ ಕೇಳಿದ ಕಡೆ, ವಿನ್ಯಾಸಕಾರರನ್ನು ಕೇಳದೆ ‘ಒಂದು ಗಂಟೆ’ ಅಂತ ಬರೆದರೆ ಸಾಫ್ಟ್‌ವೇರ್ ಒಪ್ಪಿಕೊಂಡೀತು. ಆದರೆ ಆ ಬಾಗಿಲ ಹಿಂದೆ ನಾಳೆ ಸಂಸಾರಗಳು ಮಲಗುತ್ತವೆ. ಇನ್ನೊಂದು ಸಲ ರಿಜೆಕ್ಟ್ ಆದರೂ ಆಗಲಿ, ಗೊತ್ತಿಲ್ಲದ್ದನ್ನು ಬರೆಯೋದು ಬೇಡ.